ಅರ್ಧ ಅಂಕ

ಚದುರಂಗದಲ್ಲಿ ಸರಿಸಮವಾಗಿ ಮುಗಿದ ಆಟವೆಂದರೆ ಬಹು ಮಂದಿಗೆ ಉಪ್ಪಿಲ್ಲದ ಊಟ. ಗೆದ್ದವನ ನಗುವಿಲ್ಲ, ಸೋತವನ ನಿಟ್ಟುಸಿರಿಲ್ಲ. ಇಬ್ಬರೂ ಅರ್ಧ ಅರ್ಧ ಅಂಕ ಹಂಚಿಕೊಂಡು ಏಳುತ್ತಾರೆ. ನೋಡುತ್ತ ಕುಳಿತವರು ಹೊತ್ತು ಹಾಳಾಯಿತೆಂದು ಗೊಣಗುವುದೂ ಉಂಟು. ಆದರೆ ಆ ಅರ್ಧ ಅಂಕದ ಬೆಲೆಯನ್ನು ಅರಿಯಬೇಕಾದರೆ, 1962ರಲ್ಲಿ ಬಲ್ಗೇರಿಯದ ವಾರ್ನಾ ಪಟ್ಟಣದ ಒಲಿಂಪಿಯಾಡಿನಲ್ಲಿ ನಡೆದ ಒಂದು ಆಟವನ್ನು ನೆನೆಯಬೇಕು.

ಬಿಳಿಯ ಕಾಯಿಗಳ ಹಿಂದೆ ಕುಳಿತವನು ಸೋವಿಯತ್ ದೇಶದ ಮಿಖಾಯಿಲ್ ಬೊಟ್ವಿನ್ನಿಕ್. ಅಂದಿನ ಜಗಜ್ಜೇತ, ವಯಸ್ಸು 51. ಎದುರಿಗೆ ಅಮೆರಿಕದ ಬಾಬಿ ಫಿಷರ್. ವಯಸ್ಸು 19ಷ್ಟೇ ಆದರೂ, ಹದಿನೈದರಲ್ಲಿಯೇ ಗ್ರ್ಯಾಂಡ್‌ಮಾಸ್ಟರ್ ಎನಿಸಿದ್ದ ನುರಿತ ಕೈ.

ಬೊಟ್ವಿನ್ನಿಕನು ಮನೆಯಲ್ಲಿ ಮೊದಲೇ ಸಿದ್ಧಪಡಿಸಿಕೊಂಡಿದ್ದ ವ್ಯೂಹವನ್ನು ಹೂಡಿದನು. 17ನೆಯ ನಡೆಯಲ್ಲಿ ಫಿಷರನು ತನ್ನ ಮಂತ್ರಿಯಿಂದಲೇ ಒಂದು ಕಾಲಾಳನ್ನು ಹೊಡೆದನು. ಆ ಮಂತ್ರಿ ಹೋಗಿ ನಿಂತದ್ದು ಬಿಳಿಯ ಒಂಟೆಯ ಬಾಯಲ್ಲಿ! ಆದರೆ ಒಂಟೆ ಅದನ್ನು ಕೊಂದೊಡನೆ ಕಪ್ಪು ಕುದುರೆ ಬಿಳಿಯ ಮಂತ್ರಿಯನ್ನು ಕೊಲ್ಲುತ್ತದೆ. ಲೆಕ್ಕ ತೀರಿದಾಗ ಕಾಲಾಳೊಂದು ಫಿಷರನಿಗೆ ಲಾಭ. ವರ್ಷಗಳ ಸಿದ್ಧತೆಯಲ್ಲಿ ಜಗಜ್ಜೇತನ ಕಣ್ಣಿಗೆ ಬೀಳದ ನಡೆ ಅದು.

ಆಟ ಆ ದಿನ ಮುಗಿಯಲಿಲ್ಲ. ಉಳಿದುದನ್ನು ಮರುದಿನಕ್ಕೆ ಮುಂದೂಡುವುದು ಅಂದಿನ ಪದ್ಧತಿ. ಈಗ ಅದು ಮರೆಯಾಗಿದೆ. ಫಿಷರನ ಗೆಲುವು ಖಚಿತವೆಂದೇ ಅನೇಕರು ಬಗೆದರು. ಬೊಟ್ವಿನ್ನಿಕನಾದರೋ ರಾತ್ರಿಯೆಲ್ಲ ಸಂಗಡಿಗರೊಡನೆ ಹಲಗೆಯ ಮುಂದೆ ಕುಳಿತನು. ತಂಡದ ಗೆಲ್ಲರನು ಆನೆಗಳ ಅಂತ್ಯದಾಟದಲ್ಲಿ ಉಳಿವಿನ ಒಂದು ಓಣಿಯನ್ನು ಕಂಡನು. ಮರುದಿನ ಜಗಜ್ಜೇತನು ಅದೇ ಓಣಿಯಲ್ಲಿ ಎಚ್ಚರದಿಂದ ಹೆಜ್ಜೆಯಿಟ್ಟನು; ಯುವಕನ ಕೈ ಒಂದಿಷ್ಟು ಸಡಿಲವಾಯಿತು. 68 ನಡೆಗಳಲ್ಲಿ ಆಟ ಸಮನಾಯಿತು.

ವಾದ ಮಾತ್ರ ಮುಗಿಯಲಿಲ್ಲ. ತನಗೆ ಗೆಲುವಿನ ದಾರಿಯಿತ್ತೆಂದು ಫಿಷರನು 1969ರ ತನ್ನ ಪುಸ್ತಕದಲ್ಲಿ ವಾದಿಸಿದನು. ಬೊಟ್ವಿನ್ನಿಕನು ಆ ಪ್ರಶ್ನೆಯನ್ನು ತನ್ನ ಶಾಲೆಯ ವಿದ್ಯಾರ್ಥಿಗಳ ಮುಂದಿಟ್ಟನು. ಹದಿಮೂರರ ಬಾಲಕ ಗ್ಯಾರಿ ಕಾಸ್ಪರೋವನು ಆ ದಾರಿಗೂ ಅಡ್ಡಗಟ್ಟೆಯನ್ನು ಹುಡುಕಿಕೊಟ್ಟನು.

ಆ ಇಬ್ಬರು ಮತ್ತೆಂದೂ ಹಲಗೆಯ ಎದುರು ಕೂಡಲಿಲ್ಲ. ಅವರ ನಡುವಣ ಲೆಕ್ಕ ಇಂದಿಗೂ ಅರ್ಧಕ್ಕೆ ಅರ್ಧ. ಗೆಲ್ಲಲು ಬಂದವನು ಅದನ್ನು ಕಳೆದುಕೊಂಡ ಅರ್ಧವೆಂದು ನೊಂದನು. ಸೋಲನ್ನು ಕಂಡವನಿಗೆ ಅದು ಉಳಿಸಿಕೊಂಡ ಅರ್ಧ. ಅಂಕದ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಗುರುತು.