ಕಟ್ಟುವುದಾದರೆ ಬಾಗಿಲಿನಿಂದ ಶುರುವಾಗಲಿ

ಚಿನ್ನಸ್ವಾಮಿ ಕ್ರೀಡಾಂಗಣವನ್ನು ಊರಾಚೆಗೆ ಸಾಗಿಸಬೇಕೋ, ಇದ್ದಲ್ಲೇ ಸರಿಪಡಿಸಿ ಉಳಿಸಿಕೊಳ್ಳಬೇಕೋ ಎಂಬ ಮಾತು ಬಂದಾಗಲೆಲ್ಲ ನಮ್ಮೂರಿನವರು ನನ್ನ ಮುಖ ನೋಡುತ್ತಾರೆ. 2025ರ ಜೂನ್ 4ರಂದು ಆ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. ಗಾಯಗೊಂಡವರಲ್ಲಿ ನಾನೂ ಒಬ್ಬ. ಆ ಜಾಗವನ್ನು ಏನು ಮಾಡಬೇಕು ಎಂದು ನಾಡಿನವರೆಲ್ಲ ಮಾತಾಡಿದ್ದಾರೆ. ಬಾಗಿಲ ಮುಂದೆ ಸಿಕ್ಕಿಬಿದ್ದು ಬದುಕಿ ಬಂದವನ ಮಾತೂ ಅದರ ಜೊತೆ ಸೇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿವಗಂಗೆ, ಬೆಟ್ಟದ ಬುಡದಲ್ಲೇ ಮನೆ. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. 2008ರಲ್ಲಿ ಐಪಿಎಲ್ ಶುರುವಾದಾಗ ನಾನು ಶಾಲೆಗೆ ಹೋಗುವ ಹುಡುಗ. ‘ಈ ಸಲ ಕಪ್ ನಮ್ದೇ’ ಅನ್ನುತ್ತಲೇ ದೊಡ್ಡವನಾದೆ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ, 18 ವರ್ಷದಲ್ಲಿ ಮೊದಲ ಸಲ ಕಪ್ ಗೆದ್ದಿತು. ಬೀದಿಯಲ್ಲಿ ಪಟಾಕಿ, ಕುಣಿತ. ಕ್ರಿಕೆಟ್ಟೇ ಗೊತ್ತಿಲ್ಲದ ನಮ್ಮಮ್ಮ ಕೂಡ ಎದ್ದು ಕೂತು ನಕ್ಕಿದ್ದಳು.

ಮಾರನೆಯ ದಿನ ಬುಧವಾರ. ತಂಡ ಬೆಂಗಳೂರಿಗೆ ಬರುತ್ತದೆ, ವಿಧಾನಸೌಧದಲ್ಲಿ ಸನ್ಮಾನ, ಕ್ರೀಡಾಂಗಣದಲ್ಲಿ ಸಂಭ್ರಮಾಚರಣೆ ಎಂದು ಬೆಳಿಗ್ಗೆಯಿಂದಲೇ ಮೊಬೈಲಿಗೆ ಸುದ್ದಿ. ಮೆರವಣಿಗೆ ಇದೆ ಎಂದರು, ಇಲ್ಲ ಎಂದರು, ಮತ್ತೆ ಇದೆ ಎಂದರು. ಪಾಸು ಬೇಕು ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು. ಚಿಕ್ಕಪ್ಪನ ಮಗ ಬೆಳಿಗ್ಗೆಯೇ ಕೆಂಪು ಜೆರ್ಸಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ರಜೆ ಹಾಕಿದೆ. ದಾಬಸ್‌ಪೇಟೆಯಲ್ಲಿ ಬಸ್ ಹತ್ತಿ, ಮಾದಾವರದಲ್ಲಿ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬದಲಿಸಿದೆವು. ಅಂದು ಮೆಟ್ರೊದಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಓಡಾಡಿದರಂತೆ. ಬೋಗಿಯೊಳಗೆ ಎಲ್ಲ ಕೆಂಪು, ಎಲ್ಲ ಹಾಡು. ಗುರುತಿಲ್ಲದವರು ಹೆಗಲ ಮೇಲೆ ಕೈ ಹಾಕಿ ಮಾತಾಡಿಸುತ್ತಿದ್ದರು. ಅದು ನಿಜವಾದ ಸಂತೋಷ, ಈಗಲೂ ಅದನ್ನು ಅಲ್ಲಗಳೆಯಲಾರೆ.

ಕಬ್ಬನ್ ಪಾರ್ಕ್ ನಿಲ್ದಾಣದಿಂದ ಹೊರಬಂದು ಕ್ರೀಡಾಂಗಣದ ಗೋಡೆಯ ಪಕ್ಕ ನಡೆದೆವು. ಒಂದು ಬಾಗಿಲ ಹತ್ತಿರ ಬಂದಾಗ ನಮ್ಮ ಹಿಂದೆಯೂ ಮುಂದಿದ್ದಷ್ಟೇ ಜನ ಸೇರಿಬಿಟ್ಟಿದ್ದರು. ಬಾಗಿಲು ಹಾಕಿತ್ತು. ‘ಈಗ ಬಿಡ್ತಾರೆ, ಈಗ ಬಿಡ್ತಾರೆ’ ಅನ್ನುತ್ತಿದ್ದರು. ಹಿಂದಿದ್ದವರಿಗೆ ಮುಂದೆ ಬಾಗಿಲು ಹಾಕಿರುವುದು ಕಾಣುತ್ತಿರಲಿಲ್ಲ. ಮುಂದಿದ್ದವರ ಕೂಗು ಹಿಂದಕ್ಕೆ ಕೇಳಿಸುತ್ತಿರಲಿಲ್ಲ. ಪಕ್ಕಕ್ಕೆ ಸರಿಯೋಣವೆಂದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬ್ಯಾರಿಕೇಡು.

ಬಾಗಿಲು ಒಂದಾಳು ತೂರುವಷ್ಟು ತೆರೆಯಿತು. ಆಮೇಲೆ ನಡೆದದ್ದು ಓಟವಲ್ಲ, ತಳ್ಳಾಟವೂ ಅಲ್ಲ. ರಾಗಿ ಚೀಲವನ್ನು ಅದುಮಿ ಅದುಮಿ ತುಂಬಿದ ಹಾಗೆ ಒತ್ತಡ ಸುತ್ತಲಿಂದಲೂ ಬಂತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಉಸಿರು ಬಿಟ್ಟರೆ ಮತ್ತೆ ಎಳೆದುಕೊಳ್ಳಲು ಎದೆ ಹಿಗ್ಗುತ್ತಿರಲಿಲ್ಲ. ಇಂಥ ಕಡೆ ಸಾಯುವವರಲ್ಲಿ ಹೆಚ್ಚಿನವರು ತುಳಿತಕ್ಕೆ ಸಿಕ್ಕಿ ಸಾಯುವುದಿಲ್ಲ, ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಾರೆ ಎಂದು ಆಮೇಲೆ ವೈದ್ಯರು ಹೇಳಿದರು. ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೈಗಳು ಕೆಳಗೆ ಸಿಕ್ಕಿಕೊಂಡಿದ್ದವು. ಯಾರೋ ಒಬ್ಬ ಹುಡುಗ ನನ್ನ ಅಂಗಿಯನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದ. ಮಣಿಕಟ್ಟಿನಲ್ಲಿ ಕೆಂಪು ರಬ್ಬರ್ ಪಟ್ಟಿ, ಉಗುರಿನ ತುದಿ ಬೆಳ್ಳಗಾಗಿತ್ತು. ಮುಖ ಕಾಣಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ‘ಅಣ್ಣಾ’ ಎಂದಿತು ಒಂದು ಧ್ವನಿ. ಅದು ಚಿಕ್ಕಪ್ಪನ ಮಗನದೋ, ಅಂಗಿ ಹಿಡಿದವನದೋ ತಿಳಿಯಲಿಲ್ಲ. ಬ್ಯಾರಿಕೇಡು ಮುರಿದು ನಾವೆಲ್ಲ ಒಬ್ಬರ ಮೇಲೊಬ್ಬರು ಉರುಳಿದೆವು. ಎಡಗಡೆ ಪಕ್ಕೆಯಲ್ಲಿ ಏನೋ ಲಟಕ್ ಎಂದಿತು. ಮೇಲೆದ್ದವರು ನಮ್ಮ ಕಂಕುಳಿಗೆ ಕೈ ಹಾಕಿ ಎಳೆದರು. ಎಳೆದವರೂ ನಮ್ಮ ಹಾಗೆ ಸಂಭ್ರಮ ನೋಡಲು ಬಂದವರೇ. ನಮ್ಮ ಹುಡುಗ ಪ್ರಜ್ಞೆ ತಪ್ಪಿ ಬಿದ್ದಿದ್ದ. ಒಬ್ಬ ಹೆಣ್ಣುಮಗಳು ಅವನ ಎದೆ ಒತ್ತಿ ಉಸಿರು ಮರಳಿಸಿದಳು. ಅವಳು ಯಾರು, ಯಾವೂರಿನವಳು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ರಸ್ತೆಯ ತುಂಬ ಚಪ್ಪಲಿ, ಶೂ, ಹರಿದ ಬಾವುಟ. ನನ್ನ ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ಆ ಹುಡುಗನ ಕೈ ಮಾತ್ರ ಅಲ್ಲಿರಲಿಲ್ಲ.

ಆಸ್ಪತ್ರೆಯ ಹೊರಾಂಗಣದಲ್ಲಿ ಸ್ಟ್ರೆಚರ್‌ಗಳ ನಡುವೆ ಗೋಡೆಗೊರಗಿ ಕೂತಿದ್ದೆ. ಜೆರ್ಸಿ ತೊಟ್ಟ ಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ತಂದರು. ಸತ್ತವರಲ್ಲಿ ಶಾಲೆಗೆ ಹೋಗುವ ವಯಸ್ಸಿನವರೂ ಇದ್ದರು. ತಂದೆಯೊಬ್ಬರು ಫೋನಿನಲ್ಲಿ ಮಗಳ ಫೋಟೊ ತೋರಿಸುತ್ತ ಎಲ್ಲರನ್ನೂ ಕೇಳುತ್ತಿದ್ದರು. ಬಿರುಕು ಬಿಟ್ಟ ಪಕ್ಕೆಲುಬಿಗೆ ಪ್ಲಾಸ್ಟರ್ ಹಾಕುವುದಿಲ್ಲ, ತಾನಾಗಿ ಕೂಡಿಕೊಳ್ಳಬೇಕು ಎಂದರು ವೈದ್ಯರು. ಊರಿಗೆ ಬಂದ ಮೇಲೆ ಕೆಮ್ಮಿದರೂ ಪ್ರಾಣ ಹೋಗುವಷ್ಟು ನೋವು. ಮಲಗಿದರೆ ಉಸಿರು ಕಟ್ಟುತ್ತದೆಂಬ ಭಯ, ಹಾಗಾಗಿ ಗೋಡೆಗೆ ಒರಗಿಕೊಂಡೇ ನಿದ್ದೆ. ಚಿಕ್ಕಪ್ಪನ ಮಗ ಇಂದಿಗೂ ತುಂಬಿದ ಬಸ್ ಹತ್ತುವುದಿಲ್ಲ.

ನೋಡಲು ಬಂದವರೆಲ್ಲ ಒಂದೊಂದು ತೀರ್ಪು ಕೊಟ್ಟೇ ಹೋದರು. ನಮ್ಮ ಸೋದರಮಾವ, ‘ಆ ಜಾಗಾನೇ ಸರಿಯಿಲ್ಲ ಕಣಪ್ಪ, ಕಿತ್ತಾಕಿ ಊರಾಚೆ ಕಟ್ಲಿ’ ಎಂದರು. ಕಾರ್ಖಾನೆಯ ಗೆಳೆಯರು, ‘ಚಿನ್ನಸ್ವಾಮಿ ಬಿಟ್ರೆ ಆರ್‌ಸಿಬಿ ಎಲ್ಲಿ, ಬೇರೆ ರಾಜ್ಯಕ್ಕೆ ಕೊಟ್ಬಿಡ್ತೀರಾ?’ ಎಂದು ಸಿಟ್ಟಾದರು. ಪಕ್ಕದ ಮನೆಯ ಅಜ್ಜಿ, ‘ಮಕ್ಳು ಸತ್ತ ಜಾಗದಲ್ಲಿ ಚೆಂಡಾಡೋಕೆ ಮನಸ್ಸಾದ್ರೂ ಹೆಂಗೆ ಬರ್ತದೆ?’ ಎಂದರು. ಪರಿಹಾರ ಕೊಟ್ಟಾಯಿತಲ್ಲ, ಇನ್ನೇನು ಎಂದವರೂ ಇದ್ದರು. ಸರ್ಕಾರ ಸತ್ತವರ ಮನೆಗೆ ಮೊದಲು 10 ಲಕ್ಷ ಎಂದು, ಆಮೇಲೆ ಅದನ್ನು 25 ಲಕ್ಷಕ್ಕೆ ಏರಿಸಿತ್ತು. ಅಜ್ಜಿಯ ಪ್ರಶ್ನೆಗೆ ಆ ಹಣ ಉತ್ತರವಲ್ಲ.

ದೊಡ್ಡವರ ನಡುವೆಯೂ ಇದೇ ಚರ್ಚೆ. ಈ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಆಯೋಗ ಅದೇ ವರ್ಷ ಜುಲೈನಲ್ಲಿ ವರದಿ ಕೊಟ್ಟು, ಇಷ್ಟು ದೊಡ್ಡ ಜನಸಂದಣಿಗೆ ಈ ಕ್ರೀಡಾಂಗಣದ ವಿನ್ಯಾಸವೇ ತಕ್ಕುದಲ್ಲ, ಸುರಕ್ಷಿತವೂ ಅಲ್ಲ ಎಂದಿತು. ಮಹಿಳಾ ವಿಶ್ವಕಪ್ ಪಂದ್ಯಗಳು ಇಲ್ಲಿಂದ ನವಿ ಮುಂಬೈಗೆ ಹೋದವು. ಆನೇಕಲ್ ಕಡೆಯ ಸೂರ್ಯನಗರದಲ್ಲಿ 80,000 ಜನ ಕೂರುವ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆ ಮುಂದೆ ಬಂತು. ಡಿಸೆಂಬರ್‌ನಲ್ಲಿ ವಿಜಯ್ ಹಜಾರೆ ಟ್ರೋಫಿಗೆ ವಿರಾಟ್ ಕೊಹ್ಲಿ ಆಡಲು ಬಂದಾಗ, ಪಂದ್ಯ ನಡೆದದ್ದು ದೇವನಹಳ್ಳಿ ಕಡೆಯ ಬಿಸಿಸಿಐ ಮೈದಾನದಲ್ಲಿ, ಪ್ರೇಕ್ಷಕರೇ ಇಲ್ಲದೆ. ಅದೇ ತಿಂಗಳು ಸಚಿವ ಸಂಪುಟ, ಆಯೋಗದ ಶಿಫಾರಸು ಪಾಲಿಸಬೇಕೆಂಬ ಷರತ್ತಿನ ಮೇಲೆ ಚಿನ್ನಸ್ವಾಮಿಯಲ್ಲಿ ಮತ್ತೆ ಪಂದ್ಯ ನಡೆಸಲು ಒಪ್ಪಿತು.

ತಪ್ಪು ಯಾರದ್ದೆಂದು ಹೇಳುವುದು ನ್ಯಾಯಾಲಯದ ಕೆಲಸ. ಜಾಗದ ವಿಚಾರಕ್ಕೆ ಬಂದರೆ, ಮಲಗಿದ್ದಾಗ ಸಿಕ್ಕಿದ್ದನ್ನೆಲ್ಲ ಓದಿದೆ. ಬೇರೆ ಊರುಗಳು ಇಂಥ ಪೆಟ್ಟು ತಿಂದ ಮೇಲೆ ಏನು ಮಾಡಿದವು ಎಂದು ತಿಳಿಯಬೇಕಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1989ರಲ್ಲಿ ಹಿಲ್ಸ್‌ಬರೊ ಮೈದಾನದ ಕಂಬಿಬೇಲಿಗೆ ಒತ್ತಿಕೊಂಡು ಸತ್ತವರ ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು. ಮೈದಾನವನ್ನು ಕೆಡವಲಿಲ್ಲ, ಬೇಲಿ ಕಿತ್ತರು. ದೊಡ್ಡ ಮೈದಾನಗಳಲ್ಲೆಲ್ಲ ನಿಲ್ಲುವ ಜಾಗ ತೆಗೆದು ಆಸನ ಹಾಕಿಸಿದರು. ಇಂಡೊನೇಷ್ಯಾದ ಮಲಾಂಗ್‌ನ ಕಂಜುರುಹಾನ್‌ನಲ್ಲಿ 2022ರಲ್ಲಿ 135 ಜನ ಸತ್ತರು. ಅಲ್ಲಿ ಕೆಡವಿ ಹೊಸದಾಗಿ ಕಟ್ಟಿದರು. ತಮ್ಮವರು ಸಿಕ್ಕಿಬಿದ್ದು ಸತ್ತ 13ನೇ ಬಾಗಿಲನ್ನು ಮಾತ್ರ ಮುಟ್ಟಬೇಡಿ ಎಂದು ಮನೆಯವರು ಪಟ್ಟು ಹಿಡಿದರು. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 1980ರ ಆಗಸ್ಟ್ 16ರಂದು 16 ಮಂದಿ ಸತ್ತರು. ಆಟ ಅಲ್ಲೇ ಮುಂದುವರಿಯಿತು. ಅವರ ನೆನಪಿಗೆ ಇಂದಿಗೂ ಆ ದಿನ ರಕ್ತದಾನ ನಡೆಯುತ್ತದೆ. ಒಡೆದವರೂ ಇದ್ದಾರೆ, ಉಳಿಸಿಕೊಂಡವರೂ ಇದ್ದಾರೆ. ಸತ್ತವರು ಯಾಕೆ ಸತ್ತರು ಎಂಬುದನ್ನು ಹಿಡಿದು ಕಟ್ಟಿದ ಕಡೆ ಮಾತ್ರ ಆ ಸಾವಿಗೆ ಬೆಲೆ ಸಿಕ್ಕಿದೆ.

ನಮ್ಮಲ್ಲಿ ಯಾಕೆ ಸತ್ತರು? ಗ್ಯಾಲರಿ ಕುಸಿದು ಯಾರೂ ಸಾಯಲಿಲ್ಲ. 2010ರ ಏಪ್ರಿಲ್ 17ರಂದು ಪಂದ್ಯಕ್ಕೆ ಮುನ್ನ ಇಲ್ಲಿ ಬಾಂಬ್ ಸಿಡಿದದ್ದು ಕೂಡ ಕ್ರೀಡಾಂಗಣದ ಹೊರಗೆ. 2025ರಲ್ಲಿ ಉಸಿರು ಕಟ್ಟಿದ್ದೂ ಹೊರಗೆ. 1974ರಲ್ಲಿ ಮೊದಲ ಟೆಸ್ಟ್ ಕಂಡ, ಸುಮಾರು 35,000 ಜನ ಹಿಡಿಸುವ ಈ ಮೈದಾನಕ್ಕೆ ಗೋಡೆಯ ಆಚೆ ಕಾಯುವ ಜಾಗವೇ ಇರಲಿಲ್ಲ. ಬಾಗಿಲು ದಾಟಿದರೆ ನೇರ ಫುಟ್‌ಪಾತ್, ಅದರಾಚೆ ರಸ್ತೆ. ಆಯೋಗ ಕೇಳಿದ್ದೂ ಇದನ್ನೇ: ರಸ್ತೆಯಿಂದ ದೂರದಲ್ಲಿ ಸರದಿ ನಿಲ್ಲುವ, ತಿರುಗಾಡುವ ಜಾಗ, ಸಾಕಷ್ಟು ಅಗಲದ ಬಾಗಿಲುಗಳು, ಬಸ್ಸು ಮೆಟ್ರೊಗಳ ನೇರ ಸಂಪರ್ಕ, ತುರ್ತು ಹೊತ್ತಿನಲ್ಲಿ ಹೊರಹೋಗುವ ದಾರಿ. ಟಿಕೆಟ್ ಪಡೆದವನಿಗೆ ಒಳಗೆ ಕುರ್ಚಿ ಇದೆ. ಕುರ್ಚಿ ತಲುಪುವವರೆಗೂ ಅವನ ಜೀವಕ್ಕೆ ಹೊಣೆ ಯಾರು ಎಂಬುದೇ ನನ್ನ ಪ್ರಶ್ನೆ.

ಜಾತ್ರೆಯ ಜನ ನಮಗೆ ಹೊಸದಲ್ಲ. ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಶಿವಗಂಗೆ ತುಂಬಿಹೋಗುತ್ತದೆ. ಒಳಕಲ್ಲು ತೀರ್ಥ ದಾಟಿದ ಮೇಲೆ ಬಂಡೆಯಲ್ಲೇ ಕೆತ್ತಿದ ಕಡಿದಾದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಆ ಇಕ್ಕಟ್ಟಿನಲ್ಲಿ ಮೇಲೆ ಹೋಗುವವರನ್ನು ತಡೆದು, ‘ಇಳಿಯೋರಿಗೆ ದಾರಿ ಬಿಡ್ರಪ್ಪ’ ಎಂದು ಹಿರಿಯರು ಕೂಗುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮೇಲೆ ಜಾಗ ಇಲ್ಲವೆಂದರೆ ಕೆಳಗಿನವರನ್ನು ಕೆಳಗೇ ನಿಲ್ಲಿಸಬೇಕು, ಅದನ್ನು ಅವರಿಗೆ ಕೇಳುವಂತೆ ಹೇಳಬೇಕು. ಜೂನ್ 4ರಂದು ಹಿಂದಿದ್ದವರಿಗೆ ಮುಂದಿನ ಸ್ಥಿತಿ ತಿಳಿಸುವ ಒಂದು ದನಿ ಇದ್ದಿದ್ದರೂ ಸಾಕಿತ್ತು.

ಅದಕ್ಕೇ ಸೂರ್ಯನಗರ ಎನ್ನುವವರ ಜೊತೆಗಾಗಲಿ, ಚಿನ್ನಸ್ವಾಮಿಯೇ ಬೇಕು ಎನ್ನುವವರ ಜೊತೆಗಾಗಲಿ ನಾನು ಜಗಳಕ್ಕಿಲ್ಲ. ನಮ್ಮ ಕಡೆಯವರು ಸೂರ್ಯನಗರಕ್ಕೆ ಹೋಗಬೇಕಾದರೆ ಇಡೀ ಬೆಂಗಳೂರನ್ನು ದಾಟಬೇಕು, ಆದರೂ ಜೀವಕ್ಕೆ ಭದ್ರತೆ ಇದ್ದರೆ ಹೋಗೋಣ. ಆದರೆ ಅಲ್ಲಿಯೂ ಇಂಥದೇ ಬಾಗಿಲು, ಇಂಥದೇ ಮೌನ ಇದ್ದರೆ, 35,000 ಕುರ್ಚಿಯ ಬದಲು 80,000 ಕುರ್ಚಿ ಹಾಕಿದ್ದರಿಂದ ಅಪಾಯ ದೊಡ್ಡದಾಗುತ್ತದೆ ಅಷ್ಟೆ. ಕಟ್ಟುವವರು ನಕ್ಷೆ ಬರೆಯುವ ಮೊದಲು, ಆ ದಿನ ಬಾಗಿಲಲ್ಲಿದ್ದವರನ್ನು ಕರೆದು ಕೇಳಲಿ. ಎಲ್ಲಿ ಒತ್ತಡ ಶುರುವಾಯಿತು, ಎಲ್ಲಿ ಸರಿಯಲು ಜಾಗವಿರಲಿಲ್ಲ ಎಂದು ನಮ್ಮ ಮೈಗೆ ಗೊತ್ತಿದೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೆ ಆ ಸಭೆಯಲ್ಲಿ ಮೊದಲ ಮಾತು ಇರಲಿ. ಅವರು ಒಪ್ಪುವುದಾದರೆ 11 ಹೆಸರುಗಳನ್ನು ಕನ್ನಡದಲ್ಲಿ ಬಾಗಿಲ ಮೇಲೆ ಕೆತ್ತಲಿ, ಒಳಗೆ ಹೋಗುವ ಪ್ರತಿಯೊಬ್ಬನೂ ಓದುವಷ್ಟು ದೊಡ್ಡದಾಗಿ. ಮತ್ತು ಆಯೋಗ ಹೇಳಿದ ಪ್ರತಿಯೊಂದು ಕೆಲಸ ಎಲ್ಲಿಗೆ ಬಂತು ಎಂಬುದನ್ನು ಪಂದ್ಯದ ವೇಳಾಪಟ್ಟಿಯ ಜೊತೆಗೇ ಜನರ ಮುಂದಿಡಲಿ. ಅದನ್ನು ಓದಿ, ಮಕ್ಕಳನ್ನು ಕಳಿಸಬಹುದೋ ಬೇಡವೋ ಎಂದು ಮನೆಯವರು ತೀರ್ಮಾನಿಸಲಿ. ಆ ಪಟ್ಟಿ ಕೈಗೆ ಬರುವವರೆಗೆ, ಯಾವ ಊರಿನಲ್ಲಿ ಕಟ್ಟಿದರೂ ಯಾವ ಬಾಗಿಲಿಗೂ ನಮ್ಮ ಮನೆಯಿಂದ ಯಾರೂ ಹೋಗುವುದಿಲ್ಲ.