ಆರನೇ ಬೆಡ್ಡಿನ ಹುಡುಗ

9 ಜೂನ್ 2025, ಸೋಮವಾರ

ಆರನೇ ಬೆಡ್ಡಿನ ಹುಡುಗನಿಗೆ ಏಳು ವರ್ಷ. ನಿನ್ನೆ ಅಪೆಂಡಿಕ್ಸ್ ಆಪರೇಷನ್ ಆಗಿದೆ. ಬೆಳಿಗ್ಗೆ ಆರು ಮುಖಗಳ ಚಾರ್ಟ್ ಹಿಡಿದು "ಎಷ್ಟು ನೋವೈತಪ್ಪಾ, ಯಾವ ಮುಖ ತೋರ್ಸು" ಎಂದರೆ ಥಟ್ಟನೆ ಮೊದಲನೆಯದಕ್ಕೆ ಬೆರಳಿಟ್ಟ. ನೋವೇ ಇಲ್ಲ ಅಂತ. ಡಾಕ್ಟರು ಹೊಟ್ಟೆ ಒತ್ತುವಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಕೆಳಗಿಳಿದು ಕೂಡಿಕೊಂಡವು, ಕೆಳರೆಪ್ಪೆ ಬಿಗಿಯಿತು, ಮೂಗಿನ ಪಕ್ಕ ಸುಕ್ಕು, ಮೇಲ್ದುಟಿ ಚೂರು ಎದ್ದಿತು. ಕ್ಷಣಮಾತ್ರ. ಬಾಯಿಂದ ಸದ್ದಿಲ್ಲ. "ಗಂಡು ಮಗ ಅಳ್ತಾನೇನು?" ಎನ್ನುತ್ತಾ ಅಜ್ಜಿ ಪಕ್ಕದಲ್ಲೇ ಕೂತಿದ್ದರು.

ತಾಯಿ ನನ್ನನ್ನು ಬಾಗಿಲ ಹತ್ತಿರ ಕರೆದು, "ಸಿಸ್ಟರ್, ಇವ್ನು ಇಷ್ಟು ಸುಮ್ನಿದಾನೆ ಅಂದ್ರೆ ನೋವು ಜಾಸ್ತಿ ಐತಿ. ಹೇಳಿದ್ರೆ ಸೂಜಿ ಚುಚ್ತಾರೆ ಅಂತ ಹೆದ್ರಿಕೆ" ಎಂದರು. ಔಷಧಿ ಕೈಯ ಕ್ಯಾನುಲಾದಿಂದಲೇ ಹೋಗುತ್ತದೆ, ಮತ್ತೆ ಚುಚ್ಚುವುದಿಲ್ಲ ಎಂದು ಅವನಿಗೆ ತೋರಿಸಿದೆ. ಆಮೇಲೆ ಬೆರಳು ನಾಲ್ಕನೇ ಮುಖಕ್ಕೆ ಹೋಯಿತು.

10 ಜೂನ್, ಮಂಗಳವಾರ

ಮಕ್ಕಳ ಮುಖ ನೋಡಿ ಕಂಪ್ಯೂಟರ್ ನೋವು ಅಂದಾಜಿಸುವ ಬಗ್ಗೆ ಅರಿವಳಿಕೆ ಡಾಕ್ಟರು ಕೊಟ್ಟ ಪ್ರಬಂಧ ಓದಿ ಮುಗಿಸಿದೆ. 2015ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದದ್ದು, ಅಮೆರಿಕದ ಸ್ಯಾನ್ ಡಿಯಾಗೋದ ಕೆಲಸ. ಲ್ಯಾಪರೋಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ 5ರಿಂದ 18 ವರ್ಷದ 50 ಮಕ್ಕಳು. ಆಪರೇಷನ್ ಆದ 24 ಗಂಟೆಯೊಳಗೆ ಒಮ್ಮೆ, ಮರುದಿನ ಒಮ್ಮೆ, ಫಾಲೋಅಪ್‌ಗೆ ಬಂದಾಗ ಒಮ್ಮೆ ಮುಖದ ವಿಡಿಯೋ ತೆಗೆದಿದ್ದಾರೆ. ಸುಮ್ಮನೆ ಮಲಗಿದ್ದಾಗಲೂ ತೆಗೆದಿದ್ದಾರೆ, ಗಾಯದ ಜಾಗ ಒತ್ತುವಾಗಲೂ. ಮುಖದ ಒಂದೊಂದು ಸ್ನಾಯುವಿನ ಚಲನೆಗೂ ಒಂದೊಂದು ಸಂಖ್ಯೆ ಕೊಟ್ಟು 1978ರಲ್ಲಿ ಎಕ್‌ಮನ್ ಮತ್ತು ಫ್ರೀಸನ್ ಮಾಡಿಟ್ಟ ಪದ್ಧತಿಯೊಂದಿದೆ. ಹುಬ್ಬು ಇಳಿಯುವುದು 4, ಮೂಗು ಸುಕ್ಕಾಗುವುದು 9. ಕೈಯಲ್ಲಿ ಗುರುತು ಹಾಕಲು ಕೂತರೆ ಒಂದು ನಿಮಿಷದ ವಿಡಿಯೋಗೂ ಬಹಳ ಹೊತ್ತು ಹಿಡಿಯುತ್ತದೆ. ಕಂಪ್ಯೂಟರ್ ಅದನ್ನು ಫ್ರೇಮ್ ಫ್ರೇಮಿಗೂ ತಾನೇ ಮಾಡುತ್ತದೆ.

ಫಲಿತಾಂಶ ಓದಿ ಪುಟ ಮಡಚಿಟ್ಟೆ. ನೋವು ಎಷ್ಟು ಎನ್ನುವುದರಲ್ಲಿ ಕಂಪ್ಯೂಟರಿನ ಅಂದಾಜು ತಂದೆತಾಯಿಯ ಅಂದಾಜಿಗೆ ಸಮ; ನೋವನ್ನು ಕಡಿಮೆ ಎಣಿಸುವುದು ಕಂಪ್ಯೂಟರಿಗಿಂತ ನರ್ಸುಗಳಲ್ಲಿ ಹೆಚ್ಚು. ಅಳತೆಗೋಲು ಮಕ್ಕಳು ತಾವೇ ಹೇಳಿದ ನೋವು. ಇದರಲ್ಲಿ ನಮಗೆ ಅವಮಾನ ಏನೂ ಇಲ್ಲ. ದಿನವೂ ಹತ್ತಾರು ಮಕ್ಕಳ ನೋವು ನೋಡುವ ಕಣ್ಣಿಗೆ ನೋವು ಸಣ್ಣದಾಗಿ ಕಾಣತೊಡಗುತ್ತದೆ. ಯಂತ್ರಕ್ಕೆ ಆ ರೂಢಿ ಬೀಳುವುದಿಲ್ಲ.

12 ಜೂನ್, ಗುರುವಾರ

ಹ್ಯಾಂಡೋವರ್ ಮುಗಿದ ಮೇಲೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತೆತ್ತಿದೆ. ನಮ್ಮಲ್ಲಿ ಕ್ಯಾಮೆರಾ ಬರುವುದು ದೂರದ ಮಾತು. ಅಲ್ಲಿಯವರೆಗೆ ನೋವಿನ ಚಾರ್ಟಿನಲ್ಲಿ ತಾಯಿ ಹೇಳುವ ಅಂಕಿಗೂ ಒಂದು ಕಾಲಂ ಇರಲಿ ಎಂದೆ. "ಅಮ್ಮಂದಿರನ್ನ ಕೇಳಿದ್ರೆ ಎಲ್ಲರೂ ಹತ್ತಕ್ಕೆ ಹತ್ತು ಅಂತಾರಮ್ಮ" ಎಂದರು. ಹಾಗಿದ್ದಿದ್ದರೆ ಸ್ಯಾನ್ ಡಿಯಾಗೋದ ತಂದೆತಾಯಂದಿರ ಅಂಕಿ ಮಕ್ಕಳ ಮಾತಿಗೆ ನಮಗಿಂತ ಹತ್ತಿರ ಬರುತ್ತಿರಲಿಲ್ಲ ಎಂದು ಪ್ರಬಂಧ ಕೊಟ್ಟೆ. ಓದುತ್ತೇನೆಂದು ಬ್ಯಾಗಿಗೆ ಹಾಕಿಕೊಂಡರು.

ಆರನೇ ಬೆಡ್ಡಿನವನು ಡಿಸ್ಚಾರ್ಜ್ ಆದ.

17 ಜೂನ್, ಮಂಗಳವಾರ

1980ರ ದಶಕದವರೆಗೂ ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದು ನಂಬಿ ತೀರಾ ಕಡಿಮೆ ಅರಿವಳಿಕೆಯಲ್ಲಿ ಆಪರೇಷನ್ ಮಾಡುತ್ತಿದ್ದರಂತೆ. ಅದು ತಪ್ಪೆಂದು 1987ರಲ್ಲಿ ಬರೆದು ತೋರಿಸಿದವರಲ್ಲಿ ಮುಖ್ಯರಾದ ಡಾ. ಕೆ.ಜೆ.ಎಸ್. ಆನಂದ್ ನಮ್ಮ ದೇಶದಿಂದ ಹೋದವರು. ಇಂಥ ಚರಿತ್ರೆ ಇರುವಾಗ ಮಗುವಿನ ನೋವು ಅಳೆಯುವ ಯಾವ ಹೊಸ ದಾರಿಯನ್ನೂ ನಾನು ಹಗುರಾಗಿ ತಳ್ಳಿಹಾಕಲಾರೆ.

ಆದರೂ ಕೇಳಬೇಕಾದ್ದನ್ನು ಕೇಳಲೇಬೇಕು. ಆಕ್ಸಿಜನ್ ಮಾಸ್ಕ್ ಹಾಕಿದ ಮುಖ, ಮೂಗಿನ ನಳಿಕೆಗೆ ಟೇಪ್ ಅಂಟಿಸಿದ ಕೆನ್ನೆ, ಗೋಡೆಗೆ ತಿರುಗಿ ಮಲಗಿದ ಮಗು: ಇಲ್ಲೆಲ್ಲ ಕ್ಯಾಮೆರಾಕ್ಕೆ ಏನು ಸಿಗುತ್ತದೆ? ಸ್ಯಾನ್ ಡಿಯಾಗೋದ ಮಕ್ಕಳ ಮುಖ ನೋಡಿ ಕಲಿತದ್ದನ್ನು ನಮ್ಮಲ್ಲಿ ಪರೀಕ್ಷಿಸದೆ ಬಳಸಬಾರದು. ವಿಡಿಯೋ ಯಾರ ಕೈಯಲ್ಲಿರುತ್ತದೆ ಎನ್ನುವುದು ತಾಯಿಗೆ ಮೊದಲೇ ಗೊತ್ತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಂತ್ರ "ನೋವಿಲ್ಲ" ಅಂದಿತೆಂದು ಅಳುವ ಮಗುವಿನ ಔಷಧಿ ತಡೆಯುವ ದಿನ ಬರಕೂಡದು.

ಇನ್‌ಚಾರ್ಜ್ ಸಿಸ್ಟರ್ ಓದಿದ್ದಾರೆ. ಹೊಸ ಚಾರ್ಟ್ ಅಚ್ಚಾಗುವವರೆಗೆ ತಾಯಿಯ ಅಂಕಿಯನ್ನು ಅಂಚಿನಲ್ಲಿ ಪೆನ್ನಿನಿಂದ ಬರೆಯಿರಿ ಎಂದರು. ಇವತ್ತಿನ ರಾತ್ರಿ ಪಾಳಿಗೂ ಹೇಳಿ ಬಂದಿದ್ದೇನೆ.