ಅಳತೆಗೆ ಬಂದ ಕೋಟು

ಹಾಡು ಶುರುವಾಗಿ ಮೂರು ನಿಮಿಷ ದಾಟಿದರೂ ಹಾಡುವವನ ಸುಳಿವಿಲ್ಲ. ಡ್ರಮ್ಮು ತನಗೇನೂ ಅವಸರವಿಲ್ಲವೆಂಬಂತೆ ಬಡಿಯುತ್ತದೆ. ಅದರ ಮೇಲೆ ಕೀಬೋರ್ಡಿನ ದಟ್ಟ ಸ್ವರಗಳು ಪದರ ಪದರವಾಗಿ ಇಳಿಯುತ್ತವೆ. ಬೇಸ್ ಗಿಟಾರು ಕೆಳಗೆಲ್ಲೋ ಕೂತು ಗೊಣಗುತ್ತದೆ. ಈಗ ಬಂದಾನು, ಈಗ ಬಾಯಿ ತೆರೆದಾನು ಎಂದು ಕಾಯುತ್ತಿದ್ದರೆ ಮತ್ತೊಂದು ಸುತ್ತು. ಅಡುಗೆಮನೆಯಿಂದ ಹೊರಗೆ ಬಂದ ನನ್ನ ಹೆಂಡತಿ ಸ್ಪೀಕರಿನ ಕಡೆ ನೋಡಿ, ನನ್ನ ಕಡೆ ನೋಡಿ, "ಯಾರ್ರೀ ಹೋದ್ರು?" ಅಂದಳು.

"ಯಾರೂ ಹೋಗಿಲ್ಲ ಮಾರಾಯ್ತಿ. ಹದಿನಾರು ವರ್ಷ ಆದ್ಮೇಲೆ ಬಂದಿದಾರೆ."

"ಬರೋರು ಹೀಗಾ ಬರೋದು?" ಎಂದು ಒಳಗೆ ಹೋದಳು.

ಬಂದವರು ಇಂಗ್ಲೆಂಡಿನ ರಾಕ್ ತಂಡ 'ದಿ ಕ್ಯೂರ್'. ಹಾಡು 'ಅಲೋನ್'. ಅದಿರುವ ಆಲ್ಬಮ್ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್'. ಇದಕ್ಕೆ ಮೊದಲಿನ ಆಲ್ಬಮ್ '4:13 ಡ್ರೀಮ್' ಬಂದದ್ದು 2008ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ತಂಡವೇನೂ ಸುಮ್ಮನೆ ಕೂತಿರಲಿಲ್ಲ. ಊರೂರು ಸುತ್ತಿ ಮೂರು ಮೂರು ಗಂಟೆ ಹಾಡಿತು, 2018ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಲವತ್ತು ವರ್ಷದ ಸಂಭ್ರಮ ಮಾಡಿಕೊಂಡಿತು, ಮರುವರ್ಷ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿನ ಗೌರವವನ್ನೂ ಪಡೆಯಿತು. ಹೊಸ ಹಾಡು ಮಾತ್ರ ಇಲ್ಲ. 2019ರಲ್ಲಿ ವೇಲ್ಸಿನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಹಿಂದೆ ದನ ಕಟ್ಟಿ ಹಾಲು ಕರೆಯುತ್ತಿದ್ದ ಹೊಲಮನೆ ಅದು, 'ಬೊಹೀಮಿಯನ್ ರಾಪ್ಸೊಡಿ'ಯ ಒಂದು ಭಾಗ ಹುಟ್ಟಿದ ಜಾಗವೂ ಹೌದು. ವರ್ಷ ಮುಗಿಯುವುದರೊಳಗೆ ಆಲ್ಬಮ್ ಬರುತ್ತದೆ ಎಂದು ತಂಡದ ಯಜಮಾನ ರಾಬರ್ಟ್ ಸ್ಮಿತ್ ಭರವಸೆ ಕೊಟ್ಟ. ವರ್ಷ ಮುಗಿಯಿತು. ಇನ್ನೊಂದು ವರ್ಷವೂ ಮುಗಿಯಿತು. ಕೊರೊನಾ ಬಂದು ಹೋಯಿತು. 2022ರ ಅಕ್ಟೋಬರಿನಲ್ಲಿ ಲಾಟ್ವಿಯಾದ ರೀಗಾದಿಂದ ಪ್ರವಾಸ ಶುರು ಮಾಡಿದರು, ಆಲ್ಬಮ್ಮಿನ ಹೆಸರನ್ನೇ ತುಸು ಬದಲಿಸಿ ಪ್ರವಾಸಕ್ಕೂ ಇಟ್ಟರು, ಆಲ್ಬಮ್ಮಿನ ಹಾಡುಗಳನ್ನು ವೇದಿಕೆಯ ಮೇಲೆ ಹಾಡಿಯೇಬಿಟ್ಟರು. ಆಲ್ಬಮ್ ಮಾತ್ರ ಬರಲಿಲ್ಲ.

ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಕ್ರಾಲಿ ಊರಿನ ಒಂದು ಪಬ್ಬಿನ ಹೊರಗೆ ಪೋಸ್ಟರೊಂದು ಕಾಣಿಸಿತು. ಹುಡುಗರಾಗಿದ್ದಾಗ ಈ ತಂಡದವರು ನುಡಿಸುತ್ತಿದ್ದ ಪಬ್ಬು ಅದು, ಆಗ ಅದರ ಹೆಸರು 'ದಿ ರಾಕೆಟ್'. ಪೋಸ್ಟರಿನಲ್ಲಿದ್ದದ್ದು ಆಲ್ಬಮ್ಮಿನ ಹೆಸರು, ಕೆಳಗೆ ರೋಮನ್ ಅಂಕಿಗಳಲ್ಲಿ ಒಂದು ತಾರೀಖು. ಬಿಡಿಸಿ ಓದಿದರೆ 1-11-2024. ಯಾವ ಕನ್ನಡಿಗನೂ ಮರೆಯಲಾರದ ದಿನ! ಅದರ ಮೇಲೆ ಆ ವರ್ಷ ನರಕ ಚತುರ್ದಶಿಯ ಮರುದಿನ ರಾಜ್ಯೋತ್ಸವ. ಬೀದಿಯ ಮೂಲೆಯಲ್ಲಿ ಕೆಂಪು ಹಳದಿ ಬಾವುಟದ ಕೆಳಗೆ ಧ್ವನಿವರ್ಧಕ ಅರಚುತ್ತಿತ್ತು, ಪಕ್ಕದ ಮನೆಯ ಹುಡುಗರು ಉಳಿದ ಪಟಾಕಿಗಳ ಲೆಕ್ಕ ತೀರಿಸುತ್ತಿದ್ದರು. ನಾನು ಕಿಟಕಿ ಮುಚ್ಚಿ, ಕಿವಿಗೆ ಹೆಡ್‌ಫೋನ್ ಏರಿಸಿ, ಹಬ್ಬದ ದಿನ ಯಾರೂ ಮಾಡಬಾರದಂಥ ಕೆಲಸ ಮಾಡಿದೆ. ನಲವತ್ತೊಂಬತ್ತು ನಿಮಿಷ ಸಾವು, ಮುಪ್ಪು, ಕಳೆದುಹೋದ ಜಗತ್ತು. ಅಷ್ಟು ಖುಷಿಯಾಗಿ ರಾಜ್ಯೋತ್ಸವ ಆಚರಿಸಿ ಬಹಳ ದಿನವಾಗಿತ್ತು.

ಇವರ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1976-77ರಲ್ಲಿ ಇಂಗ್ಲೆಂಡಿನಲ್ಲಿ ಪಂಕ್ ಎದ್ದಿತು. ಗಿಟಾರಿನಲ್ಲಿ ಮೂರು ಕಾರ್ಡ್ ಬಂದರೆ ಸಾಕು, ಮಿಕ್ಕದ್ದಕ್ಕೆ ಸಿಟ್ಟಿದೆ ಎಂಬ ಧೈರ್ಯದ ಸಂಗೀತ ಅದು. ಆದರೆ ಸಿಟ್ಟು ಎಷ್ಟು ದಿನ ಬಾಳುತ್ತದೆ? ಎರಡೇ ವರ್ಷದಲ್ಲಿ ಅದು ಆರತೊಡಗಿದಾಗ, ಆ ಬಾಗಿಲಿನಿಂದಲೇ ಒಳಗೆ ಬಂದಿದ್ದ ಹುಡುಗರು ಬೇರೆ ಬೇರೆ ದಿಕ್ಕು ಹಿಡಿದರು. ಲೀಡ್ಸಿನ ಗ್ಯಾಂಗ್ ಆಫ್ ಫೋರ್ ರಾಜಕೀಯಕ್ಕೂ ಕುಣಿತಕ್ಕೂ ಗಂಟು ಹಾಕಿತು. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಕತ್ತಲೆಯೊಳಕ್ಕೆ ನಡೆಯಿತು, ಅದರ ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ಅಲ್ಲಿಂದ ಹಿಂದಿರುಗಲೇ ಇಲ್ಲ. ಗಿಟಾರು ಹಿಂದೆ ಸರಿಯಿತು, ಬೇಸು ಮುಂದೆ ಬಂತು, ಹಾಡಿನೊಳಗೆ ಖಾಲಿ ಜಾಗ ಬಂತು. ಇದನ್ನೆಲ್ಲ ಒಟ್ಟು ಸೇರಿಸಿ ಪೋಸ್ಟ್ ಪಂಕ್ ಎಂದರು.

ಕ್ರಾಲಿಯ ಹುಡುಗರು ಆ ಗುಂಪಿಗೆ ಸೇರಿದವರು. ಕ್ರಾಲಿ ಎಂದರೆ ಎರಡನೇ ಮಹಾಯುದ್ಧದ ನಂತರ ಸರ್ಕಾರ ನಕ್ಷೆ ಹಾಕಿ ಕಟ್ಟಿಸಿದ ಊರು, ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. ಬೇರೆಯವರು ಹಾರಿಹೋಗುವುದನ್ನು ನೋಡುತ್ತಾ ಬೆಳೆಯಬೇಕಾದ ಊರು. 1979ರಲ್ಲಿ ಬಂದ ಅವರ ಮೊದಲ ಆಲ್ಬಮ್ 'ಥ್ರೀ ಇಮ್ಯಾಜಿನರಿ ಬಾಯ್ಸ್'ನ ಮುಖಪುಟದಲ್ಲಿ ಹುಡುಗರ ಮುಖಗಳೇ ಇಲ್ಲ. ಇರುವುದು ಒಂದು ಸ್ಟ್ಯಾಂಡ್ ಲ್ಯಾಂಪು, ಒಂದು ಫ್ರಿಜ್ಜು, ಒಂದು ವ್ಯಾಕ್ಯೂಮ್ ಕ್ಲೀನರ್. ಮೂರು ಜನಕ್ಕೆ ಮೂರು ಸಾಮಾನು. ರೆಕಾರ್ಡ್ ಕಂಪನಿಯವರ ತಲೆಯಿಂದ ಬಂದ ಆ ಚಿತ್ರ ಸ್ಮಿತ್‌ಗೆ ಹಿಡಿಸಲೇ ಇಲ್ಲ. ನನಗೋ ಅದು ಬಲು ಇಷ್ಟ. ಮುಂದಿನ ಅಷ್ಟೂ ದುಃಖ ಫ್ರಿಜ್ಜಿನಿಂದ ಶುರುವಾಯಿತಲ್ಲ!

ದುಃಖಕ್ಕೇನೂ ಕೊರತೆಯಾಗಲಿಲ್ಲ. 1980ರಲ್ಲಿ 'ಸೆವೆಂಟೀನ್ ಸೆಕೆಂಡ್ಸ್', 1981ರಲ್ಲಿ 'ಫೇತ್', 1982ರಲ್ಲಿ 'ಪೋರ್ನೊಗ್ರಫಿ'. ಒಂದಕ್ಕಿಂತ ಒಂದು ಮಂಕು. 'ಫೇತ್'ನ ಮುಖಪುಟದಲ್ಲಿ ಮಂಜು ಮುಸುಕಿದ ಬೋಲ್ಟನ್ ಅಬಿ, ಮೂರನೆಯದರಲ್ಲಿ ಮೊದಲ ಹಾಡಿನ ಹೊಸಿಲಲ್ಲೇ ಸಾವು ಕಾದು ನಿಂತಿರುತ್ತದೆ. ಆಗ ಸ್ಮಿತ್‌ಗೆ ಎಷ್ಟು ವಯಸ್ಸು? 1959ರಲ್ಲಿ ಹುಟ್ಟಿದವನು, ಇಪ್ಪತ್ಮೂರು. ಕೆದರಿದ ಕೂದಲು, ಮೆತ್ತಿಕೊಂಡ ಲಿಪ್‌ಸ್ಟಿಕ್ಕು, ಇನ್ನೇನು ಎಲ್ಲ ಮುಗಿಯಿತು ಎಂಬ ಮುಖ. ಅಜ್ಜನ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ ಹುಡುಗನ ಹಾಗೆ: ತೋಳು ಜೋತಾಡುತ್ತದೆ, ಭುಜ ಇಳಿದಿದೆ, ಆದರೆ ಮುಖದಲ್ಲಿ ಮಾತ್ರ ಅಜ್ಜನದೇ ಗಾಂಭೀರ್ಯ. ನಗು ಬರುತ್ತದೆ, ಜೊತೆಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಗುತ್ತದೆ.

ಮೂವತ್ತಾಗುವುದೆಂದರೆ ಬದುಕು ಮುಗಿದಂತೆ ಎಂದು ಹೆದರಿ ಮಾಡಿದ್ದು 1989ರ 'ಡಿಸಿಂಟಿಗ್ರೇಷನ್'. ನಲವತ್ತು ಹತ್ತಿರವಾದಾಗ '39' ಎಂಬ ಹೆಸರಿನದೇ ಒಂದು ಹಾಡು ಬರೆದು, ಒಳಗಿನ ಬೆಂಕಿ ಆರುತ್ತಿದೆ ಎಂದು ಗೋಳಾಡಿದ. ಅದು 2000ದ 'ಬ್ಲಡ್‌ಫ್ಲವರ್ಸ್'ನಲ್ಲಿದೆ. ಮೂವತ್ತೊಂಬತ್ತಂತೆ! ನಮ್ಮ ಕಡೆ ಆ ವಯಸ್ಸಿಗೆ ಸೈಟಿನ ಸಾಲವೇ ಶುರುವಾಗಿರುವುದಿಲ್ಲ.

'ಡಿಸಿಂಟಿಗ್ರೇಷನ್' ನನಗೆ ಸಿಕ್ಕಿದ್ದು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ, ರೂಮ್‌ಮೇಟ್ ಒಬ್ಬ ಎಲ್ಲಿಂದಲೋ ನಕಲು ಮಾಡಿಸಿ ತಂದ ಕ್ಯಾಸೆಟ್ಟಿನಲ್ಲಿ. ಆಲ್ಬಮ್ 72 ನಿಮಿಷದ್ದು, ಕ್ಯಾಸೆಟ್ಟು 60ರದ್ದು. ಒಂದು ಮಗ್ಗುಲಲ್ಲಿ ಒಂದು ಹಾಡಿನ ಕುತ್ತಿಗೆ ಕತ್ತರಿಸಿತ್ತು, ಇನ್ನೊಂದು ಮಗ್ಗುಲಲ್ಲಿ ಕೊನೆಯ ಹಾಡೇ ಇರಲಿಲ್ಲ. ಆ ಆಲ್ಬಮ್ ಹೇಗೆ ಮುಗಿಯುತ್ತದೆಂದು ತಿಳಿಯದೆಯೇ ನಾನು ಪದವಿ ಮುಗಿಸಿದೆ. ಅದರಿಂದ ನಷ್ಟವೇನೂ ಆಗಲಿಲ್ಲ. ಆ ವಯಸ್ಸಿನಲ್ಲಿ ನನಗೂ ಯಾರೂ ಸತ್ತಿರಲಿಲ್ಲ, ಯಾವುದೂ ಮುಗಿದಿರಲಿಲ್ಲ. ದುಃಖ ಎಂಬುದು ಸಂಜೆ ಐದರ ನಂತರ ತೊಟ್ಟುಕೊಳ್ಳುವ ಅಲಂಕಾರವಾಗಿತ್ತು.

ಹೊಸ ಆಲ್ಬಮ್ಮಿನಲ್ಲಿ ಅಲಂಕಾರ ಇಲ್ಲ. ಹದಿನಾರು ವರ್ಷದಲ್ಲಿ ಸ್ಮಿತ್‌ನ ತಂದೆ ಹೋದರು, ತಾಯಿ ಹೋದರು, ಅಣ್ಣ ರಿಚರ್ಡ್ ಹೋದ. 'ಐ ಕ್ಯಾನ್ ನೆವರ್ ಸೇ ಗುಡ್‌ಬೈ' ಆ ಅಣ್ಣನ ಹಾಡು. ಗುಡುಗಿನಿಂದ ಶುರುವಾಗುತ್ತದೆ, ಆಮೇಲೆ ಪಿಯಾನೋ ಕಲಿಯುವ ಮಗುವೂ ನುಡಿಸಬಹುದಾದಷ್ಟು ಸರಳವಾದ ಒಂದು ಸ್ವರದೆಳೆ. ಆ ಎಳೆ ಮುಂದಕ್ಕೆ ಹೋಗುವುದಿಲ್ಲ, ತಿರುಗಿ ತಿರುಗಿ ಅಲ್ಲಿಗೇ ಬರುತ್ತದೆ. ಇದನ್ನು ಮೊದಲು ಹಾಡಿದ್ದು 2022ರಲ್ಲಿ, ಪೋಲೆಂಡಿನ ಕ್ರಾಕೋವ್ ನಗರದ ವೇದಿಕೆಯಲ್ಲಿ. ಮಾತಿನಲ್ಲಿ ಜಾಣತನ ತೀರ ಕಡಿಮೆ. 'ಮ್ಯಾಕ್‌ಬೆತ್' ನಾಟಕದ ಮಾಟಗಾತಿಯ ಮಾತಿನ ಒಂದು ಚೂರು ಬಂದು ಹೋಗುತ್ತದೆ, ಉಳಿದದ್ದೆಲ್ಲ ಸೀದಾಸಾದಾ. ಇಪ್ಪತ್ಮೂರರ ಸ್ಮಿತ್ ಆಗಿದ್ದರೆ ಇಲ್ಲಿ ಹತ್ತು ರೂಪಕಗಳನ್ನು ಸುರಿದಿರುತ್ತಿದ್ದ.

'ಅಂಡ್ ನಥಿಂಗ್ ಈಸ್ ಫಾರೆವರ್' ಹಾಡಿನ ಹಿಂದೆಯೂ ಒಂದು ಕತೆ ಇದೆ, ಅವನೇ ಹೇಳಿಕೊಂಡದ್ದು. ಕಾಯಿಲೆ ಬಿದ್ದವರೊಬ್ಬರಿಗೆ ಕೊನೆಗಳಿಗೆಯಲ್ಲಿ ಜೊತೆಗಿರುತ್ತೇನೆಂದು ಮಾತು ಕೊಟ್ಟಿದ್ದನಂತೆ. ಇರಲಾಗಲಿಲ್ಲ. ಆ ಮಾತನ್ನು ಉಳಿಸಿಕೊಳ್ಳಲಾಗದವನು ಹಾಡಿನಲ್ಲಿ ಅದನ್ನು ಉಳಿಸಿಕೊಂಡಿದ್ದಾನೆ. ಇನ್ನು 'ಡ್ರೋನ್:ನೋಡ್ರೋನ್' ಹುಟ್ಟಿದ್ದು ಅವನ ಹಿತ್ತಲಿನ ಮೇಲೆ ಯಾರದೋ ಕ್ಯಾಮೆರಾ ಡ್ರೋನ್ ಹಾರಾಡಿದ್ದಕ್ಕೆ. ಸಿಟ್ಟು ನ್ಯಾಯವಾದದ್ದೇ, ಹಾಡು ಅಷ್ಟಕ್ಕಷ್ಟೆ. ತಂಡದ ರೀವ್ಸ್ ಗೇಬ್ರೆಲ್ಸ್ ಡೇವಿಡ್ ಬೋವಿಯ ಜೊತೆ ವರ್ಷಗಟ್ಟಲೆ ನುಡಿಸಿ ಬಂದ ದೊಡ್ಡ ಗಿಟಾರು ವಾದಕ, ಒಪ್ಪುತ್ತೇನೆ. ಇಲ್ಲಿ ಅವನ ಗಿಟಾರು ಸ್ವಲ್ಪ ಹೆಚ್ಚೇ ಮಾತಾಡುತ್ತದೆ.

'ಅಲೋನ್'ಗೆ ಬೀಗದ ಕೈ ಸಿಕ್ಕಿದ್ದು ಅರ್ನೆಸ್ಟ್ ಡೌಸನ್ ಎಂಬ ಇಂಗ್ಲಿಷ್ ಕವಿಯ 'ಡ್ರೆಗ್ಸ್' ಎಂಬ ಪದ್ಯದಲ್ಲಿ. ಬೆಂಕಿ ಆರಿ, ಲೋಟದ ತಳದಲ್ಲಿ ಗಸಿ ಉಳಿದ ಹೊತ್ತಿನ ಪದ್ಯ ಅದು. ಡೌಸನ್ 1900ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೆರಡು. ಅಂದರೆ ಆ ಗಸಿಯೂ ಒಬ್ಬ ಹುಡುಗ ಬರೆದದ್ದೇ! ಇನ್ನೂ ನರೆಯದವನೊಬ್ಬ ಹೊಲಿಸಿಟ್ಟ ಕೋಟನ್ನು ನೂರು ಚಿಲ್ಲರೆ ವರ್ಷದ ಮೇಲೆ ಅರವತ್ತೈದರ ಗಾಯಕ ತೆಗೆದು ತೊಟ್ಟ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು.

ನಾನು ಇಷ್ಟು ದಿನ ಈ ಆಲ್ಬಮ್ಮನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತಿರುವುದು ಇದಕ್ಕಾಗಿಯೇ. ಸ್ಮಿತ್ ಬದಲಾಗಿಲ್ಲ. ಆಗ ಏನು ಹಾಡುತ್ತಿದ್ದನೋ ಈಗಲೂ ಅದೇ: ಎಲ್ಲವೂ ಮುಗಿಯುತ್ತದೆ, ಯಾರೂ ಉಳಿಯುವುದಿಲ್ಲ. ಆಗ ಅದು ಊಹೆ, ಈಗ ವರದಿ. ಬದಲಾದದ್ದು ಅವನ ವಯಸ್ಸು ಮಾತ್ರ ಎಂದರೆ ಅರ್ಧ ಸತ್ಯವಾದೀತು. ಕೇಳುವವನ ವಯಸ್ಸೂ ಸೇರಬೇಕು.

ಸ್ಮಿತ್‌ನ ಗಂಟಲಿಗೆ ಮಾತ್ರ ವಯಸ್ಸಾಗಿಲ್ಲ, ಇದು ಸೋಜಿಗ. ಕಣ್ಣು ಮುಚ್ಚಿ ಕೇಳಿದರೆ ಅಳು ಬೆರೆತ ಅದೇ ಎಳೆಯ ದನಿ, 1989ರದ್ದೇ ಎನ್ನಬೇಕು. ನಮ್ಮ ಹಿಂದೂಸ್ತಾನಿ ಸಂಗೀತದಲ್ಲಿ ವಿಷಯ ತಿರುಗುಮುರುಗು. ಗಂಗೂಬಾಯಿ ಹಾನಗಲ್ಲರು 2006ರಲ್ಲಿ, ತೊಂಬತ್ಮೂರನೆಯ ವಯಸ್ಸಿನಲ್ಲಿ ಕಛೇರಿಗೆ ಕೂತಾಗ ಬಂದಿಶ್ ಎಂದಿನದೇ, ಗುರು ಸವಾಯಿ ಗಂಧರ್ವರಿಂದ ಬಂದದ್ದು. ದನಿ ಮಾತ್ರ ಬದುಕಿನ ಅಷ್ಟೂ ಭಾರ ಹೊತ್ತಿತ್ತು. ಹೊಸ ಬಂದಿಶ್ ಬರೆಯಿರಿ ಎಂದು ಅವರನ್ನು ಯಾರೂ ಕೇಳಲಿಲ್ಲ. ಮುದಿ ದನಿಗೆ ನಮ್ಮಲ್ಲಿ ಸಲ್ಲುವ ಗೌರವ ರಾಕ್ ಸಂಗೀತದಲ್ಲಿ ಸಲ್ಲುವುದು ಅಪರೂಪ. ಅಲ್ಲಿ ಮುದುಕರಾದವರು ಹಳೆಯ ಹಾಡುಗಳನ್ನೇ ಹಾಡಿ ದುಡ್ಡು ಎಣಿಸಿಕೊಂಡು ಹೋಗುವುದು ವಾಡಿಕೆ. ಸ್ಮಿತ್ ದುಡ್ಡಿನ ವಿಷಯದಲ್ಲೂ ವಿಚಿತ್ರ ಮನುಷ್ಯ. 2023ರ ಅಮೆರಿಕ ಪ್ರವಾಸದಲ್ಲಿ ಟಿಕೆಟ್ ಬೆಲೆಗಿಂತ ಮೇಲಿನ ಶುಲ್ಕವೇ ಹೆಚ್ಚಾಗುತ್ತಿದ್ದುದನ್ನು ಕಂಡು ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್ ಮೇಲೆ ಬಹಿರಂಗವಾಗಿ ಹರಿಹಾಯ್ದ. ಅವರು ಕೊಂಡವರಿಗೆ ಐದೋ ಹತ್ತೋ ಡಾಲರ್ ವಾಪಸು ಕೊಟ್ಟರು.

ಬಿಡುಗಡೆಯ ರಾತ್ರಿ ಲಂಡನ್ನಿನ ಟ್ರಾಕ್ಸಿ ಸಭಾಂಗಣದಲ್ಲಿ ಎಂಟೂ ಹಾಡುಗಳನ್ನು ಅನುಕ್ರಮವಾಗಿ ಹಾಡಿದರು. ಯೂಟ್ಯೂಬಿನಲ್ಲಿ ನೇರಪ್ರಸಾರ ಇತ್ತು, ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಸ್ಮಿತ್‌ನ ಮೈ ದಪ್ಪಗಾಗಿದೆ, ಕೂದಲು ಬಿಳಿಯಾಗಿದೆ, ಆದರೂ ಹಾಗೇ ಕೆದರಿದೆ. ಲಿಪ್‌ಸ್ಟಿಕ್ಕು ಹಾಗೇ ಮೆತ್ತಿದೆ. ಪಕ್ಕದಲ್ಲಿ ಸೈಮನ್ ಗ್ಯಾಲಪ್, ಬೇಸ್ ಗಿಟಾರನ್ನು ಮೊಣಕಾಲಿಗೆ ತಾಗುವಷ್ಟು ಇಳಿಬಿಟ್ಟುಕೊಂಡು. ಇವನು ಸ್ಮಿತ್ ಜೊತೆ 1982ರಲ್ಲಿ ಹೊಡೆದಾಡಿ ಹೋದವನು, ಎರಡು ಮೂರು ವರ್ಷ ಬಿಟ್ಟು ವಾಪಸು ಬಂದವನು. 2021ರಲ್ಲಿ ಇನ್ನು ಸಾಕು ಎಂದು ಪ್ರಕಟಿಸಿ, ಮತ್ತೆ ಬಂದು ನಿಂತವನು. ಮೂವತ್ತೊಂದು ಹಾಡು ಹಾಡಿದರು, ಹತ್ತಿರ ಹತ್ತಿರ ಮೂರು ಗಂಟೆ. ಮುಂದಿನ ವಾರ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಇದಕ್ಕೆ ಮೊದಲು ಅವರು ಅಲ್ಲಿಗೆ ಏರಿದ್ದು 1992ರ 'ವಿಷ್' ಆಲ್ಬಮ್ಮಿನಲ್ಲಿ, 'ಫ್ರೈಡೇ ಐಯಾಮ್ ಇನ್ ಲವ್' ಹಾಡಿನ ಕಾಲದಲ್ಲಿ. ಆ ಕುಣಿಸುವ ಸ್ಮಿತ್ ಹೊಸ ಆಲ್ಬಮ್ಮಿನಲ್ಲಿ ಎಲ್ಲೂ ತಲೆಹಾಕುವುದಿಲ್ಲ. ಒಂದೇ ಒಂದು ಹಾಡಿಗಾದರೂ ಅವನನ್ನು ಒಳಗೆ ಬಿಟ್ಟುಕೊಳ್ಳಬಹುದಿತ್ತು ಎಂದು ನನ್ನ ತಕರಾರು. ಶಬ್ದವನ್ನೂ ಇಷ್ಟು ದಟ್ಟವಾಗಿ ತುಂಬಬೇಕಿರಲಿಲ್ಲ. 'ಸೆವೆಂಟೀನ್ ಸೆಕೆಂಡ್ಸ್'ನ ಆ ಖಾಲಿ ಜಾಗಗಳಲ್ಲಿ ಕೇಳುಗನಿಗೂ ಕೂರಲು ಸ್ಥಳವಿತ್ತು.

ಕೊನೆಯ ಹಾಡು 'ಎಂಡ್‌ಸಾಂಗ್'. ಹತ್ತು ನಿಮಿಷದ್ದು, ದನಿ ಬರುವಷ್ಟರಲ್ಲಿ ಆರು ನಿಮಿಷ ಕಳೆದಿರುತ್ತದೆ. ಮನುಷ್ಯ ಚಂದ್ರನ ಮೇಲೆ ಇಳಿದು ಐವತ್ತು ವರ್ಷ ತುಂಬಿದ 2019ರ ಬೇಸಗೆಯಲ್ಲಿ ಸ್ಮಿತ್ ಹಿತ್ತಲಿಗೆ ಬಂದು ಆಕಾಶ ನೋಡಿದ್ದರಿಂದ ಹುಟ್ಟಿದ್ದು. 1969ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನ ಜೊತೆ ನಿಂತು ನೋಡಿದ್ದು ಅದೇ ಚಂದ್ರ. ಅಪ್ಪ ಇಲ್ಲ. ಹುಡುಗನೂ ಇಲ್ಲ. ಅವನು ಕಾದಿದ್ದ ಭವಿಷ್ಯ ಬರಲೇ ಇಲ್ಲ. ಇದನ್ನು ಹಾಡುವಾಗಲೂ ಸ್ಮಿತ್ ದನಿ ಏರಿಸುವುದಿಲ್ಲ.

ಇದೇ ಕೊನೆಯ ಆಲ್ಬಮ್ಮೇ ಎಂದು ಎಲ್ಲರೂ ಕೇಳಿದರು. ಅಲ್ಲವಂತೆ, ಇನ್ನೂ ಎರಡು ಹೆಚ್ಚುಕಡಿಮೆ ಸಿದ್ಧವಾಗಿವೆಯಂತೆ. 2029ಕ್ಕೆ ತನಗೆ ಎಪ್ಪತ್ತು, ಮೊದಲ ಆಲ್ಬಮ್ಮಿಗೆ ಐವತ್ತು, ಅಲ್ಲಿಗೆ ಮುಗಿಸುತ್ತೇನೆ ಎಂದಿದ್ದಾನೆ. ಇದು ಕೊನೆಯದು, ಇನ್ನಿಲ್ಲ ಎಂದು ಅವನು ಹಿಂದೆಯೂ ಹೇಳುತ್ತ ಬಂದವನೇ. 2019ರ ಕೊನೆಗೆ ಎಂದದ್ದನ್ನು 2024ರ ನವೆಂಬರಿನಲ್ಲಿ ತಂದು ಕೊಟ್ಟವನ ಲೆಕ್ಕ ಹಿಡಿದರೆ, 2029 ಎಂದರೆ ಏನಿಲ್ಲವೆಂದರೂ 2034.